ಡಿಫಿ-ಹೆಲ್ಮನ್‌ಗೆ ಪ್ರೈಮ್ ಆರಿಸುವಾಗ ಏನು ನೋಡಬೇಕು? ಮಾಡಿದವರು ಹೇಳಿ

ಪ್ರಶ್ನೆ, ಹಾಸನದಿಂದ: ಕೊನೆ ವರ್ಷದ ಪ್ರಾಜೆಕ್ಟ್. ಕಾಫಿ ತೋಟದ ಮಳೆ ಲೆಕ್ಕ ಮನೆಯ ಕಂಪ್ಯೂಟರಿಗೆ ಬರಬೇಕು. ಎರಡೂ ಕಡೆಗೆ ಒಂದೇ ಗುಟ್ಟಿನ ಕೀ ಸಿಗಲಿ ಅಂತ ಡಿಫಿ-ಹೆಲ್ಮನ್ ಬಳಸಿದ್ದೇವೆ: ಪ್ರತಿ ಕಡೆಯವರೂ ಜನರೇಟರ್ ಅನ್ನೋ ಸಂಖ್ಯೆಯನ್ನು ತಮ್ಮ ಗುಟ್ಟಿನ ಸಂಖ್ಯೆಯ ಘಾತಕ್ಕೆ ಏರಿಸಿ, ಪ್ರೈಮ್‌ನಿಂದ (ಅವಿಭಾಜ್ಯ ಸಂಖ್ಯೆಯಿಂದ) ಭಾಗಿಸಿದ ಶೇಷವನ್ನು ಪಬ್ಲಿಕ್ ಕೀ ಅಂತ ಕಳಿಸ್ತಾರೆ; ಬಂದದ್ದನ್ನು ಮತ್ತೆ ತಮ್ಮ ಗುಟ್ಟಿನ ಘಾತಕ್ಕೆ ಏರಿಸಿದರೆ ಇಬ್ಬರಿಗೂ ಒಂದೇ ಉತ್ತರ. 2048 ಬಿಟ್ ಪ್ರೈಮ್ ನಾವೇ ಹುಡುಕಿ ಹಾಕಿದ್ದೇವೆ. ಗೈಡ್ ಮೇಡಂ "ಸಬ್‌ಗ್ರೂಪ್ ನೋಡಿದ್ರಾ?" ಅಂದರು. ಏನು ನೋಡಬೇಕು?

ಚಿಕ್ಕಮಗಳೂರಿನಿಂದ: ಮೇಡಂ ಸರಿಯಾದ ಜಾಗಕ್ಕೇ ಕೈ ಇಟ್ಟಿದ್ದಾರೆ. ಸಬ್‌ಗ್ರೂಪ್ ಅಂದರೆ ಒಂದು ಸಂಖ್ಯೆಯ ಘಾತಗಳ ಶೇಷಗಳು ಸುತ್ತಿ ಸುತ್ತಿ ಬರುವ ಒಳಗುಂಪು. ಪ್ರೈಮ್ ದೊಡ್ಡದಿದ್ದರೆ ಸಾಲದು, ಅದರಲ್ಲಿ 1 ಕಳೆದರೆ ಉಳಿಯುವ ಸಂಖ್ಯೆ ಹೇಗೆ ಒಡೆಯುತ್ತೆ ನೋಡಿ. ಪೇಪರ್ ಮೇಲೆ 31 ಇಟ್ಟುಕೊಳ್ಳಿ. 30 ಅಂದರೆ 2, 3, 5ರ ಗುಣಲಬ್ಧ. 5ರ ಘನ 125, 31ರಿಂದ ಭಾಗಿಸಿದರೆ ಶೇಷ 1. ಹಾಗಾಗಿ ಕಳ್ಳ ತನ್ನ ಪಬ್ಲಿಕ್ ಕೀ ಅಂತ 5 ಕಳಿಸಿದರೆ, ನಿಮ್ಮ ಗುಟ್ಟಿನ ಸಂಖ್ಯೆ ಏನೇ ಇರಲಿ, ಬರುವ ಉತ್ತರ 1, 5, 25ರಲ್ಲೇ ಒಂದು. ಯಾವುದು ಕೀಯಾಗಿ ಹೊಂದುತ್ತೆ ಅಂತ ಮೂರನ್ನೂ ಹಾಕಿ ನೋಡ್ತಾನೆ. ಗುಟ್ಟಿನ ಸಂಖ್ಯೆಯನ್ನು 3ರಿಂದ ಭಾಗಿಸಿದ ಶೇಷ ಸಿಕ್ಕಿಬಿಡುತ್ತೆ. ಅದೇ ಗುಟ್ಟನ್ನು ನೀವು ಮತ್ತೆ ಮತ್ತೆ ಬಳಸಿದರೆ 2, 5ಕ್ಕೂ ಹೀಗೇ ಮಾಡಿ ಪೂರ್ತಿ ಜೋಡಿಸ್ತಾನೆ. ಲಿಮ್ ಮತ್ತು ಲೀ ಅನ್ನೋ ಸಂಶೋಧಕರು 1997ರಲ್ಲೇ ಇದನ್ನು ತೋರಿಸಿದ್ದಾರೆ.

ಅದಕ್ಕೇ ಸೇಫ್ ಪ್ರೈಮ್ ಬೇಕು: ಪ್ರೈಮ್‌ನಲ್ಲಿ 1 ಕಳೆದು ಅರ್ಧ ಮಾಡಿದರೆ ಅದೂ ಪ್ರೈಮ್ ಆಗಿರಬೇಕು. 23 ಹಾಗಿದೆ, 22ರ ಅರ್ಧ 11. 2ರ 11ನೇ ಘಾತ 2048, 23ರಿಂದ ಭಾಗಿಸಿದರೆ ಶೇಷ 1. ಜನರೇಟರ್ 2 ಆದರೆ ಎಲ್ಲವೂ ಆ 11 ಸಂಖ್ಯೆಗಳ ಒಳಗೇ ಓಡಾಡುತ್ತೆ, ಅದರೊಳಗೆ ಚಿಕ್ಕ ಗುಂಪು ಅಂತ ಇಲ್ಲ. ಹೊರಗಿಂದ ನುಸುಳಲು ಉಳಿಯೋದು 1 ಮತ್ತು 22 ಮಾತ್ರ. 0, 1, ಪ್ರೈಮ್‌ಗಿಂತ ಒಂದು ಕಡಿಮೆ ಇರೋದು, ಇವು ಬಂದರೆ ಸಂಪರ್ಕ ಅಲ್ಲೇ ಕಡಿದುಬಿಡಿ.

ಸಕಲೇಶಪುರದಿಂದ: ಪ್ರೈಮ್ ಹುಡುಕೋ ಕೆಲಸವೇ ಬೇಡಪ್ಪ. ಆರ್‌ಎಫ್‌ಸಿ ಅಂದರೆ ಇಂಟರ್ನೆಟ್‌ನ ತಾಂತ್ರಿಕ ದಾಖಲೆ; ಆರ್‌ಎಫ್‌ಸಿ 7919ರ 2048 ಬಿಟ್ ಗುಂಪು (ಸಿದ್ಧ ಪ್ರೈಮ್ ಮತ್ತು ಜನರೇಟರ್) ತಗೊಳ್ಳಿ, ಅದರದ್ದು ಸೇಫ್ ಪ್ರೈಮ್. ಆರ್‌ಎಫ್‌ಸಿ 5114ರ ಗುಂಪುಗಳು ಹಾಗಲ್ಲ. ಅಲ್ಲಿ ಬಂದ ಕೀಯನ್ನು ಸಬ್‌ಗ್ರೂಪ್‌ನ ಪ್ರೈಮ್ ಘಾತಕ್ಕೆ ಏರಿಸಿ, 1 ಬರುತ್ತಾ ಅಂತ ಪ್ರತಿ ಸಲ ನೋಡಲೇಬೇಕು. ಓಪನ್‌ಎಸ್‌ಎಸ್‌ಎಲ್ ಅನ್ನೋ ಗೂಢಲಿಪೀಕರಣ ಲೈಬ್ರರಿಯಲ್ಲೇ ಈ ತರಹದ ಗುಂಪಿಗೆ ಆ ಪರೀಕ್ಷೆ ಇರಲಿಲ್ಲ, 2016ರ ಜನವರಿಯಲ್ಲಿ 1.0.2ಎಫ್ ಆವೃತ್ತಿಯಲ್ಲಿ ಸರಿ ಮಾಡಿದರು. ಗುಟ್ಟಿನ ಸಂಖ್ಯೆ ಮಾತ್ರ ಪ್ರತಿ ಸಲ ಹೊಸದೇ ಇರಲಿ.

ಬೇಲೂರಿನಿಂದ: ತೋಟದಲ್ಲಿರೋದು ಚಿಕ್ಕ ಬೋರ್ಡ್ ಅಲ್ವಾ? 2048 ಬಿಟ್ ಲೆಕ್ಕಕ್ಕೆ ಅದು ಸುಮ್ನೆ ಜಾಸ್ತಿ ಒದ್ದಾಡುತ್ತೆ. ಎಕ್ಸ್25519 ನೋಡಿ, ಅದು ಎಲಿಪ್ಟಿಕ್ ಕರ್ವ್ ಮೇಲೆ ಚಿಕ್ಕ ಸಂಖ್ಯೆಗಳಲ್ಲಿ ಮಾಡೋ ಡಿಫಿ-ಹೆಲ್ಮನ್. ಉತ್ತರ ಪೂರ್ತಿ ಸೊನ್ನೆ ಬಂದರೆ ತಿರಸ್ಕರಿಸಿ. ಇನ್ನೊಂದು: ಆ ಕಡೆ ಇರೋದು ನಿಮ್ಮ ಮಳೆ ಮಾಪಕವೇನಾ ಅಂತ ಡಿಫಿ-ಹೆಲ್ಮನ್ ಹೇಳಲ್ಲ. ಅದಕ್ಕೆ ಡಿಜಿಟಲ್ ಸಹಿ ಬೇರೆ ಬೇಕು. ವೈವಾದಲ್ಲಿ ಕೇಳ್ತಾರೆ.