ಜಿಂಕೆ ಶಿಕಾರಿಗೆ ಯಾವ ಸ್ಕೋಪ್? ಬಳಸಿದವರು ಹೇಳಿ

ಪ್ರಶ್ನೆ: ನನ್ನದು .308 ಬೋಲ್ಟ್ ಆಕ್ಷನ್ ರೈಫಲ್. ಲೈಸೆನ್ಸ್, ಪರ್ಮಿಟ್ ಎಲ್ಲ ಸರಿಯಾಗಿದೆ. ಕಾಡಂಚಿನಲ್ಲಿ ಜಿಂಕೆ ಶಿಕಾರಿ, ಜಾಸ್ತಿ ಬೆಳಗಿನ ಜಾವ ಇಲ್ಲವೇ ಮುಸ್ಸಂಜೆ. ದೂರ 200 ಮೀಟರ್ ದಾಟುವುದಿಲ್ಲ. ಒಂದೇ ಬೆಲೆಗೆ 3-9×40 ಮತ್ತು 6-24×50 ಸ್ಕೋಪ್ (ರೈಫಲ್ ಮೇಲೆ ಕೂರಿಸುವ ದುರ್ಬೀನು) ಎರಡೂ ಸಿಗುತ್ತಿವೆ. ಯಾವುದು ತಗೊಳ್ಳಲಿ?

ಉತ್ತರ 1: 3-9×40 ತಗೊಳ್ಳಿ. ಮೊದಲ ಅಂಕಿಗಳು ಎಷ್ಟು ಪಟ್ಟು ದೊಡ್ಡದಾಗಿ ಕಾಣುತ್ತದೆ ಅನ್ನುವುದು. ಕೊನೆಯದು ಮುಂದಿನ ಲೆನ್ಸಿನ ಅಗಲ, ಮಿಲಿಮೀಟರಿನಲ್ಲಿ. ಲೆನ್ಸಿನ ಅಗಲವನ್ನು ಪಟ್ಟಿನಿಂದ ಭಾಗಿಸಿ. ಕಣ್ಣಿಗೆ ಬಂದು ಬೀಳುವ ಬೆಳಕಿನ ಬಿಲ್ಲೆ ಎಷ್ಟು ಅಗಲ ಅಂತ ಗೊತ್ತಾಗುತ್ತದೆ. 3-9ನ್ನು 6ಕ್ಕೆ ಇಟ್ಟರೆ ಸುಮಾರು 6.7 ಮಿ.ಮೀ. ಇನ್ನೊಂದನ್ನು 24ಕ್ಕೆ ಏರಿಸಿದರೆ ಬರೀ 2 ಚಿಲ್ಲರೆ. ಕತ್ತಲಾಗುತ್ತಿದ್ದಂತೆ ನಮ್ಮ ಕಣ್ಣಿನ ಪಾಪೆ 5ರಿಂದ 7 ಮಿ.ಮೀ. ಅಗಲ ಆಗುತ್ತದೆ. ಅಷ್ಟು ಬೆಳಕು ಬರದಿದ್ದರೆ ಎಲ್ಲ ಮಂಕು.

6-24ನ್ನು 6ಕ್ಕೆ ಇಳಿಸಿದರೆ ಬೆಳಕು ಬರುತ್ತದೆ, ನಿಜ. ಆದರೆ ಹತ್ತಿರದ ಪೊದೆಯಿಂದ ಜಿಂಕೆ ಎದ್ದರೆ ಅದಕ್ಕಿಂತ ಕೆಳಗೆ ಇಳಿಸಲು ಆಗುವುದಿಲ್ಲ. ಸ್ಕೋಪಿನ ತುಂಬ ಕಂದು ಬಣ್ಣ, ಭುಜ ಎಲ್ಲಿ ಹೊಟ್ಟೆ ಎಲ್ಲಿ ಗೊತ್ತಾಗುವುದಿಲ್ಲ. ಒಂದೇ ಬೆಲೆಯಲ್ಲಿ ಅಷ್ಟೊಂದು ಜೂಮ್ ಕೊಟ್ಟಿದ್ದಾರೆ ಅಂದರೆ ಗಾಜಿನಲ್ಲೋ ಒಳಗಿನ ಕೆಲಸದಲ್ಲೋ ಉಳಿಸಿರುತ್ತಾರೆ, ಅಲ್ವಾ?

ಅಂಗಡಿಯ ದೀಪದಲ್ಲಿ ಎಲ್ಲ ಸ್ಕೋಪೂ ಚೆನ್ನಾಗೇ ಕಾಣುತ್ತವೆ. ಸಂಜೆ ಹೊತ್ತು ಹೊರಗೆ ತಂದು, ಮರದ ಕೆಳಗಿನ ನೆರಳಿನೊಳಗೆ ನೋಡಿ. ಕಡ್ಡಿ ಕಡ್ಡಿ ಬೇರೆಯಾಗಿ ಕಂಡರೆ ಒಳ್ಳೆಯ ಗಾಜು.

ಉತ್ತರ 2: ಕಣ್ಣಿಗೂ ಸ್ಕೋಪಿಗೂ ನಡುವಿನ ಅಂತರ ಮರೆಯಬೇಡಿ. .308 ಚೆನ್ನಾಗೇ ಒದೆಯುತ್ತದೆ. ಸುಮಾರು 90 ಮಿ.ಮೀ. ಇರಲಿ, ಇಲ್ಲದಿದ್ದರೆ ಸ್ಕೋಪಿನ ಅಂಚು ಹುಬ್ಬು ಸೀಳುತ್ತದೆ. ಪಟ್ಟು ಏರಿಸಿದಾಗ ಕೆಲವು ಸ್ಕೋಪುಗಳಲ್ಲಿ ಈ ಅಂತರ ಕಮ್ಮಿಯಾಗುತ್ತದೆ. 9ಕ್ಕೆ ಇಟ್ಟೇ ನೋಡಿ. ದಪ್ಪ ಜಾಕೆಟ್ ಹಾಕಿಕೊಂಡು ನೋಡಿದರೆ ಇನ್ನೂ ಒಳ್ಳೆಯದು.

ಉತ್ತರ 3: ಇಬ್ಬರೂ ಮೌಂಟ್, ಅಂದರೆ ಸ್ಕೋಪನ್ನು ರೈಫಲ್ಲಿಗೆ ಕೂರಿಸುವ ರಿಂಗುಗಳ ಬಗ್ಗೆ ಹೇಳಲಿಲ್ಲ. ಸ್ಕೋಪಿಗೆ ಸುರಿದು ರಿಂಗಿಗೆ ಜಿಪುಣತನ ಮಾಡುವವರನ್ನು ಎಷ್ಟೋ ಜನ ನೋಡಿದ್ದೇನೆ. ಸಡಿಲ ರಿಂಗಿನ ಮೇಲೆ ಎಂಥ ಸ್ಕೋಪೂ ಝೀರೋ (ಗುರಿ ಇಟ್ಟಲ್ಲೇ ಈಡು ಬೀಳುವ ಹೊಂದಿಕೆ) ನಿಲ್ಲಿಸುವುದಿಲ್ಲ. ಹಾಗಂತ ಸುಮ್ನೆ ಬಲ ಹಾಕಿ ತಿರುಗಿಸಬೇಡಿ, ಸ್ಕೋಪಿನ ನಳಿಗೆ ಜಜ್ಜಿಹೋಗುತ್ತದೆ. ಟಾರ್ಕ್ ವ್ರೆಂಚ್ ಹಿಡಿದು, ತಯಾರಕರು ಹೇಳಿದಷ್ಟೇ ಬಿಗಿ ಮಾಡಿ.

ಆಮೇಲೆ ಒಂದು ಪರೀಕ್ಷೆ. ಸ್ಕೋಪಿನ ಗುರಿ ಹೊಂದಿಸುವ ತಿರುಗಣೆಯ ಕಾಲು ಎಂಒಎ (ಕೋನದ ಒಂದು ಅಳತೆ) ಕ್ಲಿಕ್ ಅಂದರೆ 100 ಮೀಟರಿನಲ್ಲಿ ಸುಮಾರು 7.3 ಮಿ.ಮೀ. ಅಷ್ಟೇ ದೂರದಿಂದ ಒಂದೇ ಚುಕ್ಕಿಗೆ ಗುರಿ ಇಟ್ಟು ಮೂರು ಈಡು ಹೊಡೆಯಿರಿ. 20 ಕ್ಲಿಕ್ ಮೇಲೆ ತಿರುಗಿಸಿ ಮತ್ತೆ ಮೂರು. ಹಾಗೇ ಬಲಕ್ಕೆ 20, ಕೆಳಗೆ 20, ಕೊನೆಗೆ ಎಡಕ್ಕೆ 20. ಕಾಗದದ ಮೇಲೆ ಹದಿನಾಲ್ಕೂವರೆ ಸೆಂಟಿಮೀಟರಿನ ಚೌಕ ಬರಬೇಕು, ಕೊನೆಯ ಈಡುಗಳು ಮೊದಲಿನ ತೂತುಗಳ ಜೊತೆಗೇ ಬೀಳಬೇಕು. ಬೀಳದಿದ್ದರೆ ವಾರಂಟಿಯಲ್ಲೇ ವಾಪಸ್ ಕೊಡಿ. ಗೇಣುದ್ದ ಗುರಿ ತಪ್ಪಿದರೆ ಜಿಂಕೆ ಸಾಯುವುದಿಲ್ಲ, ಗಾಯ ಹೊತ್ತು ಕಾಡೊಳಗೆ ನರಳುತ್ತದೆ. ಅದು ಯಾರಿಗೂ ಬೇಡ.

ಕೇಳಿದವರು: ತುಂಬಾ ಉಪಕಾರ ಆಯ್ತು. ರೆಟಿಕಲ್‌ಗೆ (ಸ್ಕೋಪಿನೊಳಗಿನ ಗುರಿ ಗೆರೆಗಳಿಗೆ) ಲೈಟ್ ಬೇಕಾ? ಪ್ಯಾರಲಾಕ್ಸ್ (ಕಣ್ಣು ಸರಿದಾಗ ಗುರಿ ಗೆರೆಯೂ ಸರಿದಂತೆ ಕಾಣುವುದು) ಸರಿಪಡಿಸುವ ತಿರುಗಣೆ?

ಉತ್ತರ 1: 200 ಮೀಟರ್ ಒಳಗೆ ಪ್ಯಾರಲಾಕ್ಸ್ ತಿರುಗಣೆ ಬೇಕಿಲ್ಲ. ಕಣ್ಣನ್ನು ಸ್ಕೋಪಿನ ನಡುವೆ ಇಟ್ಟರೆ ಸಾಕು. ಲೈಟ್ ಇದ್ದರೆ ಮುಸ್ಸಂಜೆಗೆ ಉಪಯೋಗ, ಆದರೆ ತೀರಾ ಮಂದ ಮಾಡಲು ಬರುವಂಥದ್ದೇ ಆಗಿರಲಿ. ಜೋರು ಕೆಂಪು ಚುಕ್ಕಿ ಕತ್ತಲಲ್ಲಿ ಜಿಂಕೆಯನ್ನೇ ಮುಚ್ಚಿಬಿಡುತ್ತದೆ. ಅದಕ್ಕೂ ಮೊದಲು ನಿಮ್ಮಲ್ಲಿ ಶಿಕಾರಿಗೆ ಲೈಟಿನ ರೆಟಿಕಲ್ ಕಾನೂನಿನಲ್ಲಿ ಇದೆಯೇ ಅಂತ ವಿಚಾರಿಸಿ.