'ಸ್ಯಾಟಿಸ್‌ಫೈಯಿಂಗ್' ವಿಡಿಯೋ: ತೃಪ್ತಿಯೋ, ಹಿತವೋ?

ಪ್ರಶ್ನೆ, ಉಡುಪಿಯಿಂದ:

ಎಲ್ಲರಿಗೂ ನಮಸ್ಕಾರ. ಮನೆಮಂದಿ ಒಟ್ಟಿಗೆ ಕೂತು ನೋಡುವ ಸಣ್ಣ ವಿಡಿಯೋಗಳ ಬಗ್ಗೆ ಹೆತ್ತವರಿಗಾಗಿ ಎಂಟು ಪುಟದ ಕೈಪಿಡಿಯೊಂದು ತಯಾರಾಗುತ್ತಿದೆ. ಸೋಪನ್ನು ತೆಳ್ಳಗೆ ಹೆರೆಯುವುದು, ಬಣ್ಣದ ಮರಳನ್ನು ಚಾಕುವಿನಿಂದ ಕೊಯ್ಯುವುದು, ಸ್ಲೈಮ್ ಹಿಸುಕುವುದು, ಪಾಚಿ ಹಿಡಿದ ಅಂಗಳವನ್ನು ಪೈಪಿನಲ್ಲಿ ರಭಸದ ನೀರು ಬಿಟ್ಟು ತೊಳೆಯುವುದು, ಈ ಬಗೆಯವು. ಕರಡಿನಲ್ಲಿ 'ಸ್ಯಾಟಿಸ್‌ಫೈಯಿಂಗ್' ಇದ್ದಲ್ಲೆಲ್ಲ 'ತೃಪ್ತಿಕರ' ಎಂದಾಗಿದೆ. ಓದುವಾಗ ಏನೋ ಕಚ್ಚುತ್ತದೆ. ಎಎಸ್ಎಂಆರ್ (ಪಿಸುಮಾತು, ಮೆಲುಸದ್ದು ಕೇಳಿಸುವ ವಿಡಿಯೋ), ಸ್ಲೈಮ್ (ಹಿಗ್ಗುವ ಆಟದ ಮುದ್ದೆ), ಸೆನ್ಸರಿ ಬಾಟಲ್ (ಕುಲುಕಿದರೆ ಒಳಗೆ ಗ್ಲಿಟರ್ ಮೆಲ್ಲಗೆ ಇಳಿಯುವ ಬಾಟ್ಲಿ) ಇವಕ್ಕೆ ಏನು ಹೇಳಬಹುದು? ಕರಾವಳಿಯ ಬಾಯಿಗೆ ಹೊಂದುವ ಪದವಾದರೆ ಒಳ್ಳೆಯದು.

ಉತ್ತರ, ಮಂಗಳೂರಿನಿಂದ:

'ತೃಪ್ತಿಕರ' ಬೇಡವೇ ಬೇಡ. ಶಾಲೆಯ ಅಂಕಪಟ್ಟಿಯಲ್ಲಿ, ತಪಾಸಣೆಯ ವರದಿಯಲ್ಲಿ ಬಳಸಿ ಬಳಸಿ ಆ ಪದ ಸವೆದಿದೆ. 'ಪ್ರಗತಿ ತೃಪ್ತಿಕರ' ಎಂದರೆ ಹೇಗೋ ದಾಟಿದ್ದಾನೆ ಎಂದಷ್ಟೇ. ಬರೀ 'ತೃಪ್ತಿ'ಯೂ ಹೊಂದುವುದಿಲ್ಲ. ತೃಪ್ತಿ ಹಸಿವು ತೀರಿದ ಮೇಲಿನದು, ಬಾಳೆಲೆ ಮಡಚುವ ಹೊತ್ತಿನದು. ಸೋಪು ಹೆರೆಯುವುದನ್ನು ನೋಡಬೇಕೆಂಬ ಹಸಿವು ಯಾರಿಗಿತ್ತು? ನೋಡುತ್ತಿರುವಷ್ಟು ಹೊತ್ತು ಆಗುವ ಸುಖ ಅದು. ಅದಕ್ಕೆ ನಮ್ಮಲ್ಲಿ 'ಹಿತ' ಇದೆ. ಕಣ್ಣಿಗೆ ಹಿತ, ಕಿವಿಗೆ ಹಿತ, ಬಿಸಿನೀರು ಮೈಗೆ ಹಿತ. ಯಾವ ಇಂದ್ರಿಯ ಎಂಬುದನ್ನು 'ಗೆ' ಪ್ರತ್ಯಯವೇ ಹೇಳಿಬಿಡುತ್ತದೆ, ಹೊಸ ಸಮಾಸ ಕಟ್ಟುವ ಗೋಜಿಲ್ಲ. ಕ್ರಿಯಾಪದ ಬೇಕಾದಲ್ಲಿ 'ಹಾಯೆನಿಸು'. 'ನೋಡ್ಲಿಕ್ಕೆ ಲಾಯ್ಕ ಉಂಟು' ಎನ್ನಬಹುದಿತ್ತು, ಆದರೆ ನಮ್ಮೂರಲ್ಲಿ ಸೀರೆಯೂ ಲಾಯ್ಕ, ಸಾರೂ ಲಾಯ್ಕ. 'ಆಹ್ಲಾದಕರ'ವನ್ನು ಹವಾಮಾನ ವರದಿಗೆ ಬಿಟ್ಟುಬಿಡಿ.

ಶಂಕರಪುರದ ಮಲ್ಲಿಗೆ ಕಟ್ಟುವ ವಿಡಿಯೋ ಇಟ್ಟುಕೊಂಡು ಎರಡೂ ಪದಗಳನ್ನು ತೂಗಿ ನೋಡಿ. ಬಾಳೆನಾರು ನೆನೆದಿರಬೇಕು, ಒಣಗಿದ್ದರೆ ಬಿಗಿಯುವಾಗ ತುಂಡಾಗುತ್ತದೆ. ಮೊಗ್ಗುಗಳ ತೊಟ್ಟು ಜೋಡಿಸಿ ಒಂದು ಸುತ್ತು, ಒಂದು ಕುಣಿಕೆ, ಸಣ್ಣ ಎಳೆತ; ಮತ್ತೆ ಅದೇ. ಚೆಂಡಿಗೆ ಸುಮಾರು 800 ಮೊಗ್ಗು, ನಾಲ್ಕು ಚೆಂಡಿಗೆ ಒಂದು ಅಟ್ಟೆ. ಬೆರಳು ಮುಂದೆ ಎಲ್ಲಿಗೆ ಹೋಗುತ್ತದೆಂದು ಕಣ್ಣಿಗೆ ಮೊದಲೇ ಗೊತ್ತು, ಅದು ತಪ್ಪದೆ ಅಲ್ಲಿಗೇ ಹೋಗುತ್ತದೆ. ಆ ಹಿತ ನೋಡುವವರದು. ತೃಪ್ತಿ ಕಟ್ಟಿದವರದು, ಅಟ್ಟೆ ಮುಗಿದ ಮೇಲೆ.

ಎಎಸ್ಎಂಆರ್ ಎಂಬ ಹೆಸರನ್ನು 2010ರಲ್ಲಿ ಅಮೆರಿಕದ ಜೆನ್ನಿಫರ್ ಅಲೆನ್ ಇಟ್ಟರು. ಬಿಡಿಸಿದರೆ 'ಅಟಾನಮಸ್ ಸೆನ್ಸರಿ ಮೆರಿಡಿಯನ್ ರೆಸ್ಪಾನ್ಸ್'; ಅದರೊಳಗಿನ 'ಮೆರಿಡಿಯನ್' ಭೂಪಟದ ಗೆರೆಯಲ್ಲ, ಶಿಖರ ಎಂಬರ್ಥದ್ದು. ಅದನ್ನು ಪದಕ್ಕೆ ಪದ ಅನುವಾದಿಸಲು ಹೊರಟರೆ ಸರಕಾರಿ ಸುತ್ತೋಲೆಯಾದೀತು. ಅದು ಹೇಳುವುದು ನೆತ್ತಿಯಿಂದ ಕತ್ತಿನ ಹಿಂದಕ್ಕೆ ಇಳಿಯುವ ಜುಮ್ಮನ್ನು. 'ರೋಮಾಂಚನ' ಬೇಡ, ಅದರಲ್ಲಿ ಉದ್ವೇಗವಿದೆ. ಶೆಫೀಲ್ಡ್ ವಿಶ್ವವಿದ್ಯಾನಿಲಯದ 2018ರ ಅಧ್ಯಯನದಲ್ಲಿ ಈ ಅನುಭವ ಆಗುವವರ ಎದೆಬಡಿತ ನಿಮಿಷಕ್ಕೆ ಸರಾಸರಿ 3ರಷ್ಟು ಇಳಿದಿತ್ತು. 'ಜುಮ್ಮೆನಿಸುವ ದನಿ' ಸಾಕು. ಅಕ್ಷರ ಜೋಡಿಸುವವರಿಗೆ ಮಾತ್ರ ಹೇಳಿಡಿ: 'ಜೋಮು' ಆದರೆ ಕಾಲು ಮರಗಟ್ಟಿದ್ದು. ಈ ಜುಮ್ಮು ಎಲ್ಲರಿಗೂ ಆಗುವುದಿಲ್ಲ ಎಂದೂ ಒಂದು ಸಾಲು ಇರಲಿ; ಒಬ್ಬರಿಗೆ ಹಿತವಾದ ಪಿಸುಮಾತು ಪಕ್ಕದಲ್ಲಿ ಕೂತವರಿಗೆ ಕಿರಿಕಿರಿ.

ಸ್ಲೈಮ್ ಸ್ಲೈಮ್ ಆಗಿಯೇ ಇರಲಿ. 'ಲೋಳೆ' ಹತ್ತಿರದ ಪದ ಹೌದು, ಆದರೆ ದಾಸವಾಳದ ಎಲೆ ಕಿವುಚಿದ ಲೋಳೆ ಬೆರಳಿನಿಂದ ಜಾರಿ ಹೋಗುತ್ತದೆ, ಸ್ಲೈಮ್ ಹಿಗ್ಗಿ ನಿಲ್ಲುತ್ತದೆ. ಕನ್ನಡ ಬೇಕಾದದ್ದು ಅದರ ಹದಕ್ಕೆ. ಗಮ್ಮಿನ ಎಳೆಗಳನ್ನು ಬೋರೇಟ್ (ಬೋರಾಕ್ಸ್‌ನಂಥ ಲವಣ) ಒಂದಕ್ಕೊಂದು ಕಟ್ಟುತ್ತದೆ. ಕಡಿಮೆಯಾದರೆ ಕೈಗೆ 'ಅಂಟು', ಸರಿಯಾದರೆ 'ಎಳೆ ಬರುವ ಹದ', ಹೆಚ್ಚಾದರೆ ರಬ್ಬರಿನಂತೆ 'ಬಿರುಸು', ಎಳೆದರೆ ತುಂಡು.

ಇನ್ನೊಂದು ಉತ್ತರ, ಉಡುಪಿಯಿಂದ:

ಮೇಲಿನದಕ್ಕೆ ಸಹಮತ. ಚಾಕುವಿನಿಂದ ಕೊಯ್ಯುವ ಬಣ್ಣದ ಮರಳಿಗೆ (ಕೈನೆಟಿಕ್ ಸ್ಯಾಂಡ್) 'ಒದ್ದೆ ಮರಳು' ಎಂದು ಬರೆಯಬೇಡಿ, ಅದರಲ್ಲಿ ನೀರಿಲ್ಲ: 98 ಪಾಲು ಮರಳು, 2 ಪಾಲು ಸಿಲಿಕೋನ್ ಎಣ್ಣೆ. ಮಲ್ಪೆಯ ಮರಳಿನ ಗೋಪುರದಂತೆ ಒಣಗಿ ಉದುರದಿರುವುದು ಅದಕ್ಕೇ.

ಸೆನ್ಸರಿ ಬಾಟಲ್‌ಗೆ 'ಸಂವೇದನಾ ಸೀಸೆ' ಎಂದರೆ ಔಷಧದ ಅಂಗಡಿಯಲ್ಲಿ ಹುಡುಕಿಯಾರು. ನನ್ನ ಸೂಚನೆ 'ತಿಳಿಬಾಟ್ಲಿ'. ಕದಡಿದ ನೀರು ತಿಳಿಯಾಗುತ್ತದೆ, ಕದಡಿದ ಮನಸ್ಸೂ ತಿಳಿಯಾಗುತ್ತದೆ. ಎರಡಕ್ಕೂ ಕನ್ನಡದಲ್ಲಿ ಒಂದೇ ಕ್ರಿಯಾಪದ. 'ತಿಳಿಕುಪ್ಪಿ' ಕಿವಿಗೆ ಇನ್ನೂ ಚಂದ, ಆದರೆ ಕುಪ್ಪಿ ಎಂದರೆ ಇಲ್ಲಿ ಗಾಜೇ ನೆನಪಾಗುವುದು. ಇದು ಮಕ್ಕಳ ಕೈಗೆ ಕೊಡುವ ವಸ್ತು, ಪ್ಲಾಸ್ಟಿಕ್ಕೇ ಆಗಬೇಕು.

ವಿಡಿಯೋ ಜೊತೆಗೆ ಮಾಡುವ ಕ್ರಮವನ್ನೂ ಅಚ್ಚು ಹಾಕುವುದಾದರೆ: ಅರ್ಧ ಲೀಟರಿನ ಬಾಟ್ಲಿಗೆ ಮುಕ್ಕಾಲು ಭಾಗ ಬಿಸಿನೀರು (ಕುದಿಯುವುದಲ್ಲ), 60 ಮಿ.ಲೀ. ಪಾರದರ್ಶಕ ಗಮ್. ಅದು ಕರಗಿದ ಮೇಲೆ ಎರಡು ಟೀ ಚಮಚ ಗ್ಲಿಟರ್ ಪುಡಿ. ತಣ್ಣೀರಾದರೆ ಗಮ್ ಗಂಟು ಕಟ್ಟುತ್ತದೆ, ಬಿಳಿ ಗಮ್ ಹಾಕಿದರೆ ನೀರು ಹಾಲಾಗುತ್ತದೆ. ಗ್ಲಿಟರ್ ಮೇಲೆಯೇ ತೇಲಿದರೆ ಪಾತ್ರೆ ತೊಳೆಯುವ ಸೋಪುನೀರು ಒಂದು ಹನಿ. ಬೇಗ ತಳ ಸೇರಿದರೆ ಇನ್ನಷ್ಟು ಗಮ್, ನೀರು ದಪ್ಪವಾದಷ್ಟೂ ಇಳಿಯುವುದು ನಿಧಾನ. ಮೇಲೆ ಒಂದು ಬೆರಳು ಜಾಗ ಬಿಡಿ, ಇಲ್ಲದಿದ್ದರೆ ಕುಲುಕಲು ಬರುವುದಿಲ್ಲ. ಮುಚ್ಚಳದ ಒಳಸುತ್ತಿಗೆ ಗಟ್ಟಿ ಅಂಟು ಹಚ್ಚಿ ಮುಚ್ಚಬೇಕು.

ಸೂಚನೆಯಲ್ಲಿ 'ಕದಡಿ' ಅಲ್ಲ, 'ಕುಲುಕಿ' ಎಂದಿರಲಿ. 'ಕದಡಿ' ಎಂದರೆ ಮಕ್ಕಳು ಮುಚ್ಚಳ ತೆಗೆದು ಚಮಚ ಹಾಕಿಯಾರು.