ಅವ್ವನ ಇಳಕಲ್ ಸೀರೆ: ಒಡಲು ಹರಿದಿದೆ, ಸೆರಗು ಗಟ್ಟಿ ಇದೆ. ಕಸೂತಿ ಹಾಕಿ ಗೋಡೆಗೆ ತೂಗುಹಾಕಬಹುದಾ?

ರೋಣದ ಮಗಳು:

ಅವ್ವ ತೀರಿಕೊಂಡು ಬರೋ ಆಷಾಢಕ್ಕೆ ಎರಡು ವರ್ಷ. ಅವಳ ಟ್ರಂಕು ನನ್ನ ಪಾಲಿಗೆ ಬಂದಿದೆ. ತಳದಲ್ಲಿ ಒಂದು ಕರೇ ಇಳಕಲ್ ಸೀರೆ ಸಿಕ್ಕಿತು. ಗೋಮಿ ದಡಿ (ಅಂಚಿನ ಒಂದು ವಿನ್ಯಾಸ), ಕೆಂಪು ಟೋಪ್ ತೆನಿ ಸೆರಗು (ಇಳಕಲ್‌ನ ಕೆಂಪು-ಬಿಳಿ ಚಿತ್ತಾರದ ಸೆರಗು). ಸೆರಗು ಇವತ್ತೂ ಮಿರಮಿರ ಅನ್ನುತ್ತೆ. ಒಡಲು ಮಾತ್ರ ಮಡಿಕೆ ಬಿದ್ದಲ್ಲೆಲ್ಲ ಸೀಳಿದೆ. ಜೊತೆಗೆ ಎರಡು ಗುಳೇದಗುಡ್ಡ ಖಣದ ಕುಪ್ಪಸ, ಅಪ್ಪನ ಒಂದು ಧೋತರ.

ಇವನ್ನೆಲ್ಲ ಕೂಡಿಸಿ ಎರಡಡಿ ಅಗಲ, ಮೂರಡಿ ಉದ್ದದ ಗೋಡೆಪಟ ಮಾಡೋ ಆಸೆ. ಮೇಲೆ ಸೆರಗು, ಕೆಳಗೆ ಕರೇ ಒಡಲಿನ ಮೇಲೆ ಕಸೂತಿಯ ಗೋಪುರ, ಆನೆ, ಒಂದು ತುಳಸಿ ಕಟ್ಟೆ. ಹೈಸ್ಕೂಲಲ್ಲಿದ್ದಾಗ ಧಾರವಾಡದ ಚಿಗವ್ವನ ಮನೇಲಿ ಎರಡು ಬೇಸಿಗೆ ಕಲಿತಿದ್ದೆ. ಕಸೂತಿಯ ಹೊಲಿಗೆಗಳಲ್ಲಿ ಗವಂತಿ (ಹೋಗಿ, ಅದೇ ತೂತುಗಳಲ್ಲಿ ವಾಪಸ್ ಬರೋ ನೇರ ಹೊಲಿಗೆ), ಮುರ್ಗಿ (ಅದೇ ಥರ, ಮೆಟ್ಟಿಲಿನ ಹಾಗೆ) ಬರುತ್ತೆ. ನೇಯ್ಗೆ ಅನ್ನೋ ಹೊಲಿಗೆ (ಮಗ್ಗದಲ್ಲಿ ನೇಯ್ದ ಹಾಗೆ ಕಾಣುತ್ತೆ) ಹಾಕಿದಾಗೆಲ್ಲ ಚಿಗವ್ವ ಬಿಚ್ಚಿಸುತ್ತಿದ್ದಳು, ಹಾಗಾಗಿ ಅದು ಬರುತ್ತೆ ಅನ್ನಲಾರೆ.

ಮೊನ್ನೆ ಒಡಲಿನ ಒಂದು ಮೂಲೇಲಿ ಗೋಪುರದ ಬುಡ ಹಾಕಿ ನೋಡಿದೆ. ಎಳೆ ಎಣಿಸಿ ಎಣಿಸಿ ಕಣ್ಣು ಹೋಯಿತು (ಕರೇ ಬಟ್ಟೆ, ಟ್ಯೂಬ್‌ಲೈಟು, ನನಗೆ ನಲವತ್ತೇಳು). ಗವಂತಿ ಹೋಗುವಾಗ ಸರಿ ಇತ್ತು. ಅದೇ ತೂತುಗಳಲ್ಲಿ ವಾಪಸ್ ಬರುವಾಗ ದಾರದ ಜೊತೆ ಬಟ್ಟೆಯೂ ಎದ್ದು ಬಂತು.

ಇಲ್ಲಿ ಬೆಂಗಳೂರಲ್ಲಿ ಒಬ್ಬ ಅಂಗಡಿಯವರು, ಎಣಿಸೋ ಕ್ಯಾನ್ವಾಸ್ ಮೇಲಿಟ್ಟು ಹೊಲೀರಿ, ಆಮೇಲೆ ಒದ್ದೆ ಮಾಡಿ ಅದರ ಎಳೆಗಳನ್ನ ಒಂದೊಂದಾಗಿ ಎಳೆದುಬಿಡಿ ಅಂದರು. ಒದ್ದೆ ಅಂದಕೂಡಲೇ ಭಯ. ಸೆರಗಿನ ಕೆಂಪು ಬಿಟ್ಟರೆ? ಅಣ್ಣ ಬೇರೆ, "ಅವ್ವನ ಸೀರಿಗೆ ಕತ್ತರಿ ಹಚ್ಚಿದ್ರ ನನ್ ಜೋಡಿ ಮಾತಾಡಬ್ಯಾಡ" ಅಂದಿದ್ದಾನೆ. ಇಂಥದ್ದು ಮಾಡಿದವರಿದ್ದರೆ ದಾರಿ ಹೇಳಿ.

ಜಗಲಿಕಟ್ಟಿ:

ತಂಗಿ, ಜೀರ್ಣ ಆದ ಬಟ್ಟಿ ಮ್ಯಾಲೆ ಕಸೂತಿ ಹಾಕಾಕ ಹೋಗಬ್ಯಾಡ. ಗವಂತಿಗೆ ಒಂದೊಂದು ತೂತಿನ್ಯಾಗ ಸೂಜಿ ಎರಡೆರಡು ಸಲ ಹೊಕ್ಕು ಬರತೈತಿ. ಹೊಸಾ ಬಟ್ಟಿ ತಡಕೊಂತೈತಿ, ನಿಮ್ಮವ್ವನ ಸೀರಿ ಎಷ್ಟಂತ ತಡದೀತು? ಕ್ಯಾನ್ವಾಸೂ ಬ್ಯಾಡ. ಒಣದರಾಗ ಎಳಿ ಜಗ್ಗಿದ್ರ ಬಟ್ಟಿ ಹರೀತೈತಿ, ಒದ್ದಿ ಮಾಡಿದ್ರ ಬಣ್ಣ ಬಿಡತೈತಿ.

ಕಸೂತಿನ ಅಪ್ಪನ ಧೋತರದ ಮ್ಯಾಲೆ ಹಾಕು. ಸಾದಾ ನೇಯ್ಗಿ, ಬಿಳೀ ಬಟ್ಟಿ, ಹಾಸು-ಹೊಕ್ಕು (ಉದ್ದೆಳಿ, ಅಡ್ಡೆಳಿ) ಎರಡೂ ಕಣ್ಣಿಗೆ ಕಾಣತಾವು. ಎಳಿ ಸಣ್ಣ ಇರತಾವು, ಅದಕ್ಕ ನಾಕೆಳಿಗೊಂದು ಹೊಲಿಗಿ ಹಿಡಿ. ಮೊದಲ ಧೋತರ ಬಿಸಲಿಗೆ ಹಿಡದು ನೋಡು. ಜಾಳು ಕಂಡಲ್ಲಿ ಸೂಜಿ ಇಡಬ್ಯಾಡ. ಕಚ್ಚಿ ಸಿಗಸೂ ಕಡೆ ಸವದಿರತೈತಿ, ದಡಿ ಹತ್ರ ಗಟ್ಟಿ ಇರತೈತಿ.

ಕರೇ ಒಡಲು ಕೌದಿ (ಹಳೇ ಬಟ್ಟಿ ಪದರದ ಹೊದಿಕಿ) ಹೊಲದಂಗ ಹೊಲಿ. ಕೆಳಗ ಹಳೇ ಕಾಟನ್ ಸೀರಿದು ಎರಡು ಪದರ ಹಾಸು. ಅದರ ಮ್ಯಾಲೆ ಒಡಲನ್ನ ಸೀಳಿದ್ದು ಸೀಳಿದಂಗ ಮಲಗಿಸಿ, ಮೊದಲ ಉದ್ದುದ್ದ ಟಾಕಿ ಹಾಕು. ಆಮ್ಯಾಲೆ ಸಾಲಿಗೆ ಸಾಲು, ಅರ್ಧ ಬೆರಳ ಅಂತರದಾಗ ದಾರ ಎಳಕೋತ ಹೋಗು. ಭಾರ ಎಲ್ಲಾ ಕೆಳಗಿನ ಬಟ್ಟಿ ಹೊರತೈತಿ, ಮ್ಯಾಲಿಂದು ಸುಮ್ಮ ಮಲಗಿರತೈತಿ. ಬಿಗಿ ಎಳದ್ರ ಮುದುಡತೈತಿ. ನಮ್ಮ ಕೌದಿ ಸೂಜಿ ತಗೋಬ್ಯಾಡ, ಅದು ದಬ್ಬಣ ಇದ್ದಂಗ. ಸಣ್ಣ ಸೂಜಿ, ಒಂದೆಳಿ ದಾರ.

ಮತ್ತ ಆ ಸೀಳು ಮುಚ್ಚಬ್ಯಾಡ. ಕೆಳಗ ಖಣದ ತುಂಡು ಇಡು, ಸೀಳಿನ್ಯಾಗಿಂದ ಅದು ಇಣಿಕಿ ನೋಡ್ಲಿ. ಖಣದ ಮ್ಯಾಲೆ ಕಸೂತಿ ಬ್ಯಾಡ, ಅದರ ಮೈತುಂಬ ಮಗ್ಗದಾಗನ ಚಿತ್ತಾರ ಕುಂತಾವು.

ಬಣ್ಣದ ಬಕೆಟ್:

ಒಂದು ಮಾತು ಸೇರಿಸ್ತೀನಿ. ಸೆರಗು ಮಿರಮಿರ ಅಂದಮಾತ್ರಕ್ಕೆ ರೇಷ್ಮೆ ಅಂದುಕೊಳ್ಳಬೇಡಿ. ಇಳಕಲ್ ಸೀರೆಗಳಲ್ಲಿ ಕೃತಕ ರೇಷ್ಮೆ, ಅಂದರೆ ರೇಯಾನ್, ಹಾಕಿದವೂ ಇವೆ. ತುದಿಯಿಂದ ಒಂದಿಂಚು ಎಳೆ ತೆಗೆದು ಇಕ್ಕಳದಲ್ಲಿ ಹಿಡಿದು ಸುಡಿ. ಕೂದಲು ಸುಟ್ಟ ವಾಸನೆ ಬಂದು ಬೂದಿ ಬೆರಳಲ್ಲಿ ಪುಡಿಯಾದರೆ ರೇಷ್ಮೆ. ಕಾಗದ ಸುಟ್ಟ ಹಾಗಿದ್ದರೆ ರೇಯಾನ್ (ಹತ್ತಿಯೂ ಹಾಗೇ). ರೇಯಾನ್ ಒದ್ದೆಯಾದಾಗ ಬಲ ಕಳೆದುಕೊಳ್ಳುತ್ತೆ, ಆವಾಗ ಎಳೆದರೆ ಮುಗೀತು.

ಬಣ್ಣ ಬಿಡುತ್ತಾ ನೋಡೋಕೆ ಬಿಳಿ ಬಟ್ಟೆ ಒದ್ದೆ ಮಾಡಿ, ಚೆನ್ನಾಗಿ ಹಿಂಡಿ, ಸೆರಗಿನ ಒಳಬದಿಗೆ ಐದು ನಿಮಿಷ ಒತ್ತಿಡಿ. ಉಪ್ಪು, ವಿನೆಗರ್ ಹಾಕಿದರೆ ಬಣ್ಣ ನಿಲ್ಲುತ್ತೆ ಅನ್ನೋರನ್ನ ನಂಬಬೇಡಿ. ನಂಬಿ ನಮ್ಮೆಜಮಾನರ ಪಂಚೆಯನ್ನ ಗುಲಾಬಿ ಮಾಡಿದ್ದೀನಿ.

ಹಳಿಯಾಳ ರೋಡ್:

ಕತ್ತರಿ ವಿಷಯಕ್ಕೆ: ಇಳಕಲ್‌ನಲ್ಲಿ ಒಡಲಿನ ಹಾಸನ್ನೂ ಸೆರಗಿನ ಹಾಸನ್ನೂ ಕುಣಿಕೆ ಕುಣಿಕೆಯಾಗಿ ಸೇರಿಸಿರುತ್ತಾರೆ, ಅದೇ ಕೊಂಡಿ. ಅಲ್ಲಿ ಮಾತ್ರ ಕತ್ತರಿಸಬೇಡಿ. ಒಡಲಿನ ಕಡೆ ಒಂದು ಗೇಣು ಬಿಟ್ಟು, ಈಗಾಗಲೇ ಸೀಳಿರೋ ಜಾಗದಲ್ಲೇ ಬೇರೆ ಮಾಡಿ. ಸೆರಗನ್ನ ಇಡಿಯಾಗಿ ಉಳಿಸಿ, ಹೆಚ್ಚಾದದ್ದನ್ನ ಹಿಂದಕ್ಕೆ ಮಡಚಿ. ಕೊಂಡಿ ಉಳಿದರೆ ಅಣ್ಣನಿಗೆ ಹೇಳೋಕೆ ನಿಮಗೂ ಒಂದು ಮಾತಿರುತ್ತೆ.

ನಮ್ಮ ಕಡೆ ಸಿದ್ದಿ (ಆಫ್ರಿಕಾ ಮೂಲದ ಸಮುದಾಯ) ಹೆಂಗಸರು ಹಳೇ ಬಟ್ಟೆಯಲ್ಲಿ ಕವಂದ್, ಅಂದರೆ ಅವರ ಕೌದಿ, ಹೊಲೀತಾರೆ. ಒಂದು ಮೂಲೆಯಿಂದ ಶುರು ಮಾಡಿ ಅಂಚಿನ ಗುಂಟ ಸುತ್ತುತ್ತ ನಡುವಿಗೆ ಬರೋದು. ಹೀಗೆ ಹೊಲಿದರೆ ಸುಕ್ಕು ಒಂದು ಪಕ್ಕಕ್ಕೆ ಸೇರಲ್ಲ, ನಿಮ್ಮ ಪಟಕ್ಕೂ ಆಗುತ್ತೆ. ಮೂಲೆಗಳಿಗೆ ಮಡಚಿದ ತ್ರಿಕೋನದ ತುಂಡು, ಫುಲ ಅಂತಾರೆ, ಇಡದಿದ್ದರೆ ಕವಂದ್ ಬೆತ್ತಲೆ ಅನ್ನೋದು ಅವರ ಲೆಕ್ಕ. ಅದು ಅವರದ್ದು. ಎರಡು ಫುಲ ಹಚ್ಚಿ ಸಿದ್ದಿ ಕಲೆ ಅಂತ ಫೋಟೊ ಹಾಕೋರನ್ನ ನೋಡಿ ಸಾಕಾಗಿದೆ, ಅದಕ್ಕೆ ಮೊದಲೇ ಹೇಳ್ತಿದ್ದೀನಿ.

ತೂಗುಹಾಕೋಕೆ ಮೊಳೆ, ಪಿನ್ನು ಬೇಡ. ಹಿಂದೆ ಮೇಲ್ತುದಿಗೆ ಉದ್ದಕ್ಕೂ ಬಟ್ಟೆಯ ಕೊಳವೆ ಹೊಲಿದು ಕೋಲು ತೂರಿಸಿ. ಬಿಸಿಲು ಬೀಳದ ಗೋಡೆ ಆರಿಸಿ.

ರೋಣದ ಮಗಳು:

ಎಲ್ಲರಿಗೂ ಶರಣು. ಹದಿನೈದು ದಿನದ ವರದಿ ಒಪ್ಪಿಸ್ತೀನಿ. ಎಳೆ ಸುಟ್ಟೆ, ಕಾಗದದ ವಾಸನೆ. ಅವ್ವ ಬದುಕೆಲ್ಲ ಅದನ್ನ "ನನ್ನ ರೇಷ್ಮಿ ಸೆರಗು" ಅಂತಿದ್ದಳು. ಒದ್ದೆ ಬಟ್ಟೆ ಒತ್ತಿದರೆ ಕುಂಕುಮದಷ್ಟು ಕೆಂಪು, ಹಾಗಾಗಿ ನೀರು ಮುಟ್ಟಿಸೋ ಮಾತೇ ಇಲ್ಲ. ಗೇಣು ಬಿಟ್ಟು ಸೀಳಿದಲ್ಲೇ ಬೇರೆ ಮಾಡಿದೆ, ಕತ್ತರಿ ಬೇಕಾಗಲೇ ಇಲ್ಲ, ಕೈಗೇ ಬಂತು. ಒಡಲು ಹನ್ನೊಂದು ಸಾಲು ಆಗಿದೆ. ಖಣದ ಹಸಿರು ಎರಡು ಕಡೆ ಇಣುಕುತ್ತಿದೆ.

ಧೋತರದ ಮೇಲೆ ತುಳಸಿ ಕಟ್ಟೆ ಮುಗೀತು, ಗವಂತಿ ಮತ್ತು ಮುರ್ಗಿ ಎರಡರಲ್ಲೇ. ಹಿಂದೆ ತಿರುಗಿಸಿದರೂ ಅದೇ ಕಟ್ಟೆ, ಗಂಟಿಲ್ಲ. ಅಣ್ಣನಿಗೆ ಫೋಟೊ ಕಳಿಸಿದೆ. ಎರಡು ದಿನ ಉತ್ತರವಿಲ್ಲ, ಆಮೇಲೆ "ಆನಿ ಯಾವಾಗ?" ಅಂತ ಒಂದು ಮೆಸೇಜು.

ಜಗಲಿಕಟ್ಟಿ ಅಕ್ಕಾರ, ಒಂದು ಕೇಳೋದಿತ್ತು. ಆನೆಗೆ ಅಂತ ಇಟ್ಟ ಜಾಗದಲ್ಲಿ ಧೋತರಕ್ಕೆ ಎಲೆ ಅಡಿಕೆಯ ಕಲೆ ಇದೆ, ಎಂಟಾಣೆಯಷ್ಟು. ತೆಗೆಯೋದಾ?

ಜಗಲಿಕಟ್ಟಿ:

ಉಜ್ಜಿದ್ರ ಅಲ್ಲೇ ಜಾಳ ಆಗತೈತಿ. ಬಿಡು. ಆನಿ ಕಾಲು ಅದರ ಮ್ಯಾಲೆ ಬರೂ ಹಂಗ ಎಣಸಿ ಸುರು ಮಾಡು.